ಆನೆ ಸಿಕ್ಕಿತು, ಅಂಕುಶವೆಲ್ಲಿ?

ಅಟ್ಟದ ಮೇಲಿನ ಹಳೆಯ ಟ್ರಂಕು ಎಂದರೆ ಪ್ರತಿ ಮನೆಯ ಖಾಸಗಿ ವಸ್ತುಸಂಗ್ರಹಾಲಯವೇ ಸರಿ. ಹಬ್ಬಕ್ಕೆ ಧೂಳು ಹೊಡೆಯುವ ನೆಪದಲ್ಲಿ ಅದರ ಮುಚ್ಚಳ ತೆರೆದಾಗ ಜರಿ ಮಾಸಿದ ಪೇಟ, ನಿಂತುಹೋದ ಕೈಗಡಿಯಾರ, ಯಾರದೋ ಮದುವೆಯ ಲಗ್ನಪತ್ರಿಕೆ ಇವುಗಳ ನಡುವಿನಿಂದ ಒಮ್ಮೊಮ್ಮೆ ಚರ್ಮದ ಚೀಲದಲ್ಲಿ ಮಲಗಿದ್ದ ಕ್ಯಾಮರಾ ಒಂದು ಹೊರಬರುವುದುಂಟು. ಮನೆಮಂದಿಯೆಲ್ಲ ಅದರ ಸುತ್ತ ನೆರೆಯುತ್ತಾರೆ. ಯಾರೋ ಒಂದು ಗುಂಡಿಯನ್ನು ಒತ್ತುತ್ತಾರೆ. ‘ಟಿಕ್’ ಎಂಬ ಸದ್ದು ಕೇಳುತ್ತದೆ. ಅರವತ್ತು ವರ್ಷ ಕತ್ತಲೆಯಲ್ಲಿದ್ದರೂ ಯಂತ್ರಕ್ಕೆ ಇನ್ನೂ ಜೀವವಿದೆ! ಮೊಮ್ಮಗ ಉತ್ಸಾಹದಿಂದ ಹೋಗಿ ಫಿಲ್ಮ್ ಸುರುಳಿಯೊಂದನ್ನು ಕೊಂಡು ತರುತ್ತಾನೆ. ಆ ಬಗೆಯ ಫಿಲ್ಮು ಇಂದಿಗೂ ತಯಾರಾಗುತ್ತಿದೆ, ಮಾರಾಟಕ್ಕೆ ದೊರೆಯುತ್ತದೆ. ಆದರೆ ಅದನ್ನು ಒಳಗೆ ಹಾಕುವುದು ಹೇಗೆ? ಹಿಂಬದಿಯ ಬಾಗಿಲು ತೆರೆಯಲು ನೋಡಿದರೆ ಬಾಗಿಲೇ ಇಲ್ಲ. ಚೀಲದ ಒಳಜೇಬಿನಲ್ಲಿ ಇರಬೇಕಾಗಿದ್ದ ಪುಟ್ಟ ಪುಸ್ತಕ ಎಂದೋ ಮಾಯವಾಗಿದೆ.

ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡುವವರ ಗಾದೆಯನ್ನು ಎಲ್ಲರೂ ಬಲ್ಲರು. ಇಲ್ಲಿ ಗಾದೆ ಕೊಂಚ ಬೇರೆಯಾಗಿದೆ. ಆನೆ ಮನೆಬಾಗಿಲಿಗೆ ತಾನಾಗಿ ಬಂದು ನಿಂತಿದೆ. ಅದನ್ನು ನಡೆಸುವ ಅಂಕುಶವನ್ನು ಮಾತ್ರ ಊರೂರು ಅಲೆದು ಹುಡುಕಬೇಕಾಗಿದೆ. ಹಳೆಯ ಕ್ಯಾಮರಾಗಳ ಬಗೆಗಿನ ಗ್ರಂಥಗಳು ಅಚ್ಚು ನಿಂತು ಹಲವು ದಶಕಗಳಾದವು. ಅವುಗಳನ್ನು ಹುಡುಕುವವರ ಸಂಖ್ಯೆ ಮಾತ್ರ ಕಡಮೆಯಾಗಿಲ್ಲ. ಲಂಡನ್ನಿನ ಹಳೆಯ ಪುಸ್ತಕದಂಗಡಿಗಳಿಂದ ಹಿಡಿದು ಟೋಕಿಯೋದ ಜಿಂಬೋಚೋ ಬೀದಿಯವರೆಗೆ ಅವರ ಬೇಟೆ ನಡೆದಿದೆ. ಅದು ಕೇವಲ ಹವ್ಯಾಸಿಗಳ ಹುಚ್ಚು ಎಂದು ತಳ್ಳಿಹಾಕುವ ಮುನ್ನ, ಆ ಪುಸ್ತಕಗಳಲ್ಲಿ ಏನಿದೆ ಎಂಬುದನ್ನು ವಿಚಾರಿಸುವುದು ಒಳ್ಳೆಯದು.

*

ಜರ್ಮನಿಯ ವೆಟ್ಸ್‌ಲಾರ್ ಎಂಬ ಸಣ್ಣ ಊರಿನಲ್ಲಿ ಅರ್ನ್ಸ್ಟ್ ಲೈಟ್ಸ್ ಎಂಬ ಕಾರ್ಖಾನೆ ಸೂಕ್ಷ್ಮದರ್ಶಕಗಳಿಗೆ ಹೆಸರಾಗಿತ್ತು. ಅಲ್ಲಿ ದುಡಿಯುತ್ತಿದ್ದ ಆಸ್ಕರ್ ಬಾರ್ನಾಕ್ ಎಂಬ ಯಂತ್ರಶಿಲ್ಪಿಗೆ ಉಬ್ಬಸದ ತೊಂದರೆ. ಅಂದಿನ ಕ್ಯಾಮರಾಗಳೋ ಗಾಜಿನ ಫಲಕಗಳ ಭಾರ ಹೊತ್ತ ಪೆಟ್ಟಿಗೆಗಳು. ಅವುಗಳನ್ನು ಹೊತ್ತು ಗುಡ್ಡ ಹತ್ತಲಾರದೆ ಆತ ಚಲನಚಿತ್ರದ ಫಿಲ್ಮನ್ನೇ ಬಳಸುವ, ಅಂಗಿಯ ಜೇಬಿಗೆ ಹಿಡಿಸಬಲ್ಲ ಯಂತ್ರವೊಂದನ್ನು ಮೊದಲ ಮಹಾಯುದ್ಧದ ಹೊತ್ತಿಗೆ ತನಗಾಗಿ ಮಾಡಿಕೊಂಡ. ೧೯೨೫ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅದು ‘ಲೈಕಾ’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಮುಂದಿನ ಕಾಲು ಶತಮಾನದಲ್ಲಿ ಜಗತ್ತಿನ ವೃತ್ತಪತ್ರಿಕೆಗಳ ಕಣ್ಣೇ ಅದಾಯಿತೆಂದರೆ ಅತಿಶಯವಾಗದು.

ಹಿಂಬದಿಯ ಬಾಗಿಲಿಲ್ಲದ ಕ್ಯಾಮರಾ ಇದೇ. ಫಿಲ್ಮನ್ನು ತಳದ ಮುಚ್ಚಳ ತೆಗೆದು ಕೆಳಗಿನಿಂದ ಸೇರಿಸಬೇಕು. ಅಷ್ಟೇ ಆದರೆ ಚಿಂತೆಯಿರಲಿಲ್ಲ. ಇಂದಿನ ಫಿಲ್ಮ್ ಸುರುಳಿಯ ತುದಿಯಲ್ಲಿ ಕಿರಿದಾಗಿ ಕತ್ತರಿಸಿದ ನಾಲಗೆಯೊಂದು ಇರುತ್ತದಲ್ಲವೆ? ಆ ನಾಲಗೆ ಹಳೆಯ ಲೈಕಾಕ್ಕೆ ಸಾಲದು. ಅದನ್ನು ಸುಮಾರು ೧೦ ಸೆಂಟಿಮೀಟರ್ ಉದ್ದಕ್ಕೆ ಕತ್ತರಿಯಿಂದ ಕತ್ತರಿಸಿ ನೀಳಗೊಳಿಸಬೇಕು. ಹಾಗೆ ಮಾಡದಿದ್ದರೆ ಫಿಲ್ಮಿನ ಅಂಚು ಒಳಗೆ ಸಿಕ್ಕಿಕೊಂಡು, ಅದರ ಚೂರು ಷಟರಿನ ಬಟ್ಟೆಯ ಪರದೆಯ ಬಳಿ ಉಳಿದು, ಚೆನ್ನಾಗಿದ್ದ ಯಂತ್ರ ರಿಪೇರಿಗೆ ಹೋಗಬೇಕಾಗುತ್ತದೆ. ಈ ಕತ್ತರಿಕೆಲಸಕ್ಕೆಂದೇ ಲೈಟ್ಸ್ ಸಂಸ್ಥೆ ಲೋಹದ ಅಚ್ಚೊಂದನ್ನು ಮಾರುತ್ತಿತ್ತು. ಕ್ಯಾಮರಾದ ಹೊರಮೈಯನ್ನು ಎಷ್ಟು ತಿರುಗಿಸಿ ನೋಡಿದರೂ ಇದರ ಸುಳಿವು ಸಿಕ್ಕದು. ಹೇಳುವುದು ಪುಸ್ತಕ ಮಾತ್ರ.

ಎರಡನೆಯ ನಿದರ್ಶನ ರೋಲೈಫ್ಲೆಕ್ಸ್. ಮೇಲೊಂದು ಕೆಳಗೊಂದು ಎರಡು ಮಸೂರಗಳುಳ್ಳ, ಎದೆಯ ಮಟ್ಟದಲ್ಲಿ ಹಿಡಿದು ತಲೆಬಾಗಿಸಿ ನೋಡುವ ಕ್ಯಾಮರಾ ಇದು. ಬ್ರೌನ್‌ಶ್ವೈಗ್ ನಗರದ ಫ್ರಾಂಕೆ ಮತ್ತು ಹೈಡೆಕೆ ಸಂಸ್ಥೆ ಇದನ್ನು ೧೯೨೯ರಲ್ಲಿ ಹೊರತಂದಿತು. ೧೯೩೭ರ ‘ಆಟೋಮ್ಯಾಟ್’ ಎಂಬ ಮಾದರಿಯಲ್ಲಿ ಒಂದು ಚಮತ್ಕಾರವಿದೆ. ಫಿಲ್ಮಿನ ಮುಂದೆ ಬರುವ ಕಾಗದವನ್ನು ಎರಡು ಉರುಳೆಗಳ ನಡುವೆ ನುಸುಳಿಸಿದರೆ, ಕಾಗದ ಮುಗಿದು ಫಿಲ್ಮು ಆರಂಭವಾಗುವಲ್ಲಿ ದಪ್ಪ ಹೆಚ್ಚುವುದನ್ನು ಉರುಳೆಗಳೇ ಅರಿತು, ಮೊದಲ ಚಿತ್ರಕ್ಕೆ ತಾವಾಗಿ ನಿಲ್ಲಿಸುತ್ತವೆ. ತಿಳಿಯದವರು ಕಾಗದವನ್ನು ಉರುಳೆಯ ಮೇಲಿನಿಂದ ಎಳೆದುಬಿಡುತ್ತಾರೆ. ಆಗ ಯಂತ್ರಕ್ಕೆ ಫಿಲ್ಮು ಬಂದದ್ದೇ ತಿಳಿಯದು. ಹಿಡಿಕೆ ತಿರುಗಿಸುತ್ತ ಹೋದಂತೆ ಒಂದು ಚಿತ್ರವೂ ಮೂಡದೆ ಇಡೀ ಸುರುಳಿ ಆ ಕಡೆಗೆ ಸೇರಿಹೋಗುತ್ತದೆ.

ಮೂರನೆಯದು ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್. ಈ ಸಂಸ್ಥೆಯ ಕ್ಯಾಮರಾಗಳು ೧೯೬೯ರಲ್ಲಿ ಚಂದ್ರನ ನೆಲದ ಚಿತ್ರಗಳನ್ನು ತಂದವು. ೧೯೫೭ರಲ್ಲಿ ಬಂದ ಇದರ ೫೦೦ ಸಿ ಮಾದರಿಯಲ್ಲಿ ಷಟರ್ ಇರುವುದು ಮಸೂರದ ಕೊಳವೆಯೊಳಗೆ. ಮಸೂರವನ್ನು ಬಿಚ್ಚುವಾಗಲೂ ಹಾಕುವಾಗಲೂ ಕ್ಯಾಮರಾ, ಮಸೂರ ಎರಡರ ಸ್ಪ್ರಿಂಗುಗಳೂ ಬಿಗಿದಿರಬೇಕು. ಒಂದು ಬಿಗಿದು ಮತ್ತೊಂದು ಸಡಿಲವಾಗಿದ್ದರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಚಂದ್ರಲೋಕಕ್ಕೆ ಹೋಗಿಬಂದ ವಂಶದ ಯಂತ್ರ, ತಿಳಿಯದವನ ಕೈಯಲ್ಲಿ ಒಂದೇ ನಿಮಿಷದಲ್ಲಿ ಕಬ್ಬಿಣದ ಮುದ್ದೆಯಾಗುತ್ತದೆ.

ಇವೆಲ್ಲ ಬಲ್ಲವರಿಗೆ ಒಂದೊಂದು ವಾಕ್ಯದ ಸಂಗತಿಗಳು. ಆದರೆ ಆ ಒಂದು ವಾಕ್ಯ ಬರೆದಿಟ್ಟ ಹಾಳೆ ಕಳೆದರೆ ಬೆಲೆಬಾಳುವ ಯಂತ್ರವೇ ಮೂಕವಾಗುತ್ತದೆ.

*

ಈ ವಾಕ್ಯಗಳನ್ನು ಬರೆದವರು, ಬರೆಯಿಸಿದವರು ಯಾರು? ಅವರಲ್ಲಿ ಮೊದಲು ನೆನೆಯಬೇಕಾದ ಹೆಸರು ಆಂಡೋರ್ ಕ್ರಾಸ್ನಾ-ಕ್ರೌಸ್. ೧೯೦೪ರಲ್ಲಿ ಹಂಗೇರಿಯಲ್ಲಿ ಹುಟ್ಟಿದ ಈತ ಜರ್ಮನಿಯಲ್ಲಿ ಚಲನಚಿತ್ರ ತಂತ್ರದ ಪತ್ರಿಕೆಯೊಂದರ ಸಂಪಾದಕನಾಗಿದ್ದ. ಯೆಹೂದಿ ಕುಲದವನಾದ ಆತನಿಗೆ ಹಿಟ್ಲರನ ಆಳಿಕೆಯಲ್ಲಿ ನೆಲೆಯಿಲ್ಲದಾಯಿತು. ೧೯೩೭ರಲ್ಲಿ ಇಂಗ್ಲೆಂಡಿಗೆ ಹೋದ. ಮರುವರ್ಷವೇ, ತನ್ನದಲ್ಲದ ಭಾಷೆಯಲ್ಲಿ, ತನ್ನದಲ್ಲದ ನಾಡಿನಲ್ಲಿ ‘ಫೋಕಲ್ ಪ್ರೆಸ್’ ಎಂಬ ಪ್ರಕಾಶನ ಸಂಸ್ಥೆಯನ್ನು ತೆರೆದ.

ಛಾಯಾಗ್ರಹಣವನ್ನು ಪಂಡಿತರಿಗಷ್ಟೇ ಬಿಡದೆ, ಹೊಸದಾಗಿ ಕ್ಯಾಮರಾ ಕೊಂಡ ಗುಮಾಸ್ತನಿಗೂ ಶಾಲೆಯ ಉಪಾಧ್ಯಾಯನಿಗೂ ತಿಳಿಯುವಂತೆ ಹೇಳಬೇಕೆಂಬುದು ಅವನ ಸಂಕಲ್ಪ. ಅದಕ್ಕಾಗಿ ಎರಡು ಮಾಲೆಗಳನ್ನು ಹೆಣೆದ. ಒಂದೊಂದು ಕ್ಯಾಮರಾಕ್ಕೂ ಒಂದೊಂದು ಸಣ್ಣ ‘ಗೈಡ್’. ಇನ್ನೂ ಆಳವಾಗಿ ತಿಳಿಯಬಯಸುವವರಿಗೆ ಒಂದೊಂದು ದಪ್ಪ ‘ವೇ’, ಅಂದರೆ ಮಾರ್ಗ. ಆಂಡ್ರ್ಯೂ ಮ್ಯಾಥೆಸನ್ ಬರೆದ ‘ಲೈಕಾ ವೇ’, ಎಲ್. ಎ. ಮ್ಯಾನ್‌ಹೈಮ್ ಬರೆದ ‘ರೋಲೈ ವೇ’, ಎಚ್. ಫ್ರೈಟಾಗ್ ಬರೆದ ‘ಹ್ಯಾಸೆಲ್‌ಬ್ಲಾಡ್ ವೇ’ ಈ ಮಾಲೆಯ ಹೆಸರಾಂತ ಗ್ರಂಥಗಳು. ಸಣ್ಣ ಗೈಡುಗಳಲ್ಲಿ ಡಬ್ಲ್ಯೂ. ಡಿ. ಇಮ್ಯಾನುಯಲ್ ಎಂಬವರ ಹೆಸರು ಮತ್ತೆ ಮತ್ತೆ ಕಾಣುತ್ತದೆ. ನಾಲ್ಕು ದಶಕಗಳಲ್ಲಿ ಕ್ರಾಸ್ನಾ-ಕ್ರೌಸ್ ಹೊರತಂದ ಪುಸ್ತಕಗಳು ಸಾವಿರಕ್ಕೂ ಹೆಚ್ಚು. ೧೯೫೬ರಲ್ಲಿ ಛಾಯಾಗ್ರಹಣದ ವಿಶ್ವಕೋಶವನ್ನೇ ಪ್ರಕಟಿಸಿದ. ೧೯೮೯ರಲ್ಲಿ ಆತ ತೀರಿಕೊಂಡರೂ, ಅವನ ಹೆಸರಿನ ಪ್ರತಿಷ್ಠಾನ ಛಾಯಾಗ್ರಹಣದ ಉತ್ತಮ ಗ್ರಂಥಗಳಿಗೆ ಪಾರಿತೋಷಕ ನೀಡುತ್ತ ಬಂದಿದೆ. ನೆಲೆ ಕಳೆದುಕೊಂಡ ಮನುಷ್ಯನೊಬ್ಬ ಲಕ್ಷಾಂತರ ಮನೆಗಳಲ್ಲಿ ಕೈಹಿಡಿದು ಕಲಿಸುವ ಗುರುವಾದ ಕಥೆ ಇದು.

ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕೆಯಲ್ಲಿ, ವಿಲರ್ಡ್ ಮಾರ್ಗನ್ ಮತ್ತು ಹೆನ್ರಿ ಲೆಸ್ಟರ್ ಎಂಬ ಇಬ್ಬರು ೧೯೩೫ರಲ್ಲಿ ‘ಲೈಕಾ ಮ್ಯಾನ್ಯುಯಲ್’ ಎಂಬ ಗ್ರಂಥವನ್ನು ಹೊರತಂದರು. ಮಾರ್ಗನ್ ಮುಂದೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಛಾಯಾಗ್ರಹಣ ವಿಭಾಗದ ನಿರ್ದೇಶಕನೂ ಆದ. ಅವನ ಮಡದಿ ಬಾರ್ಬರಾ ಮಾರ್ಗನ್ ನೃತ್ಯದ ಛಾಯಾಚಿತ್ರಗಳಿಗೆ ಪ್ರಸಿದ್ಧಳಾದ ಕಲಾವಿದೆ. ಇವರ ಮ್ಯಾನ್ಯುಯಲ್ ಕೇವಲ ಗುಂಡಿ-ಹಿಡಿಕೆಗಳ ವಿವರಣೆಯಾಗಿರಲಿಲ್ಲ. ಬೇರೆ ಬೇರೆ ವೃತ್ತಿಗಳಲ್ಲಿ ಕ್ಯಾಮರಾವನ್ನು ದುಡಿಸಿಕೊಂಡ ಹಲವರು ತಮ್ಮ ತಮ್ಮ ಅನುಭವವನ್ನು ಅಧ್ಯಾಯಗಳಾಗಿ ಬರೆದುಕೊಟ್ಟಿದ್ದರು. ೧೯೭೩ರ ಹೊತ್ತಿಗೆ ಅದು ಹದಿನೈದನೆಯ ಆವೃತ್ತಿಯನ್ನು ಕಂಡಿತು. ಆಮೇಲೆ ನಿಂತಿತು.

*

ಇಷ್ಟು ಆವೃತ್ತಿಗಳನ್ನು ಕಂಡ ಪುಸ್ತಕಗಳು ಅಲಭ್ಯವಾಗುವುದೆಂದರೇನು ಎಂದು ಯಾರಾದರೂ ಕೇಳಬಹುದು. ವಿಚಿತ್ರವೆಂದರೆ, ಆವೃತ್ತಿಗಳೇ ಅವುಗಳ ಆಯುಷ್ಯವನ್ನು ಕಡಮೆ ಮಾಡಿದವು. ಕಾದಂಬರಿಯನ್ನು ಜನ ಇಟ್ಟುಕೊಳ್ಳುತ್ತಾರೆ. ಕೈಪಿಡಿಯನ್ನು ಕಳೆದ ವರ್ಷದ ಪಂಚಾಂಗದಂತೆ ಕಾಣುತ್ತಾರೆ. ಹೊಸ ಮಾದರಿಯ ಕ್ಯಾಮರಾ ಬಂದೊಡನೆ ಹೊಸ ಆವೃತ್ತಿ ಬಂತು. ಹಳೆಯದು ರದ್ದಿಗೆ ಹೋಯಿತು. ಗ್ರಂಥಾಲಯಗಳೂ ಹಳೆಯ ಆವೃತ್ತಿಯನ್ನು ತೆಗೆದು ಹೊಸದನ್ನು ಇರಿಸಿಕೊಂಡವು. ಹೊಸದೇ ಒಳ್ಳೆಯದೆಂಬುದು ಸಾಮಾನ್ಯ ನ್ಯಾಯ. ಈ ವಿಷಯದಲ್ಲಿ ಅದು ತಲೆಕೆಳಗು.

೧೯೫೦ರಲ್ಲಿ ಬಂದ ಲೈಕಾ ೩ ಎಫ್ ಕ್ಯಾಮರಾವನ್ನೇ ನೋಡಬಹುದು. ಮಿಂಚುದೀಪ ಉರಿಯುವ ಕ್ಷಣಕ್ಕೂ ಷಟರ್ ತೆರೆಯುವ ಕ್ಷಣಕ್ಕೂ ಹೊಂದಾಣಿಕೆ ಮಾಡುವ ಏರ್ಪಾಡನ್ನು ಕಾರ್ಖಾನೆಯಲ್ಲೇ ಅಳವಡಿಸಿಕೊಂಡು ಬಂದ ಮೊದಲ ಲೈಕಾ ಅದು. ವೇಗದ ಬಿಲ್ಲೆಯ ಅಡಿಯಲ್ಲಿ ೦ಯಿಂದ ೨೦ರವರೆಗಿನ ಅಂಕಿಗಳಿವೆ. ಯಾವ ದೀಪಕ್ಕೆ, ಯಾವ ವೇಗಕ್ಕೆ ಯಾವ ಅಂಕಿ ಎಂಬುದನ್ನು ಕೋಷ್ಟಕ ನೋಡಿಯೇ ತಿಳಿಯಬೇಕು. ೧೯೪೫ರ ಪುಸ್ತಕದಲ್ಲಿ ಆ ಕೋಷ್ಟಕವಿರದು, ಏಕೆಂದರೆ ಆಗ ಆ ಕ್ಯಾಮರಾ ಹುಟ್ಟಿರಲಿಲ್ಲ. ಬಹಳ ಈಚಿನ ಪುಸ್ತಕದಲ್ಲೂ ಸಿಗುವುದು ಕಷ್ಟ, ಏಕೆಂದರೆ ೧೯೫೪ರಲ್ಲಿ ಎಂ ೩ ಎಂಬ ಹೊಸ ತಳಿ ಬಂದು ಹಳೆಯದರ ಪುಟಗಳನ್ನು ಕಬಳಿಸುತ್ತ ನಡೆಯಿತು. ಹೀಗಾಗಿ ಹುಡುಕುವವನಿಗೆ ಬೇಕಾದುದು ‘ಲೈಕಾ ಗೈಡ್’ ಅಲ್ಲ, ನಡುವಿನ ಕೆಲವೇ ವರ್ಷಗಳ ‘ಲೈಕಾ ಗೈಡ್’. ಹೆಸರು ಅದೇ, ಹೊದಿಕೆಯೂ ಹೆಚ್ಚುಕಡಮೆ ಅದೇ. ಒಳಗಿನ ತಿರುಳು ಬೇರೆ.

*

ಪುಸ್ತಕ ಇಲ್ಲದಿದ್ದರೆ ಕಾರ್ಖಾನೆಯವರನ್ನೇ ಕೇಳಬಾರದೇ ಎಂಬುದು ಸಹಜವಾದ ಪ್ರಶ್ನೆ. ಲೈಕಾ ಸಂಸ್ಥೆಯೇನೋ ಇಂದಿಗೂ ವೆಟ್ಸ್‌ಲಾರಿನಲ್ಲಿದೆ. ಆದರೆ ಎಲ್ಲ ಕಾರ್ಖಾನೆಗಳಿಗೂ ಆ ಭಾಗ್ಯವಿರಲಿಲ್ಲ. ಒಂದು ಕಾಲಕ್ಕೆ ಜರ್ಮನ್ ಕ್ಯಾಮರಾ ಉದ್ಯಮದ ರಾಜಧಾನಿಯಾಗಿದ್ದುದು ಡ್ರೆಸ್ಡೆನ್ ನಗರ. ಲೈಕಾಕ್ಕೆ ಸವಾಲಾಗಿ ೧೯೩೨ರಲ್ಲಿ ‘ಕಾಂಟ್ಯಾಕ್ಸ್’ ಕ್ಯಾಮರಾವನ್ನು ತಂದ ಝೈಸ್ ಇಕಾನ್ ಅಲ್ಲಿತ್ತು. ೧೯೩೬ರಲ್ಲಿ ‘ಕಿನೆ ಎಕ್ಸಾಕ್ಟಾ’ ತಯಾರಿಸಿದ ಇಹಾಗೆ ಅಲ್ಲಿತ್ತು. ಹಿಚ್‌ಕಾಕನ ೧೯೫೪ರ ‘ರಿಯರ್ ವಿಂಡೋ’ ಚಿತ್ರದಲ್ಲಿ ಕಾಲು ಮುರಿದುಕೊಂಡು ಕುರ್ಚಿಯಲ್ಲಿ ಕುಳಿತ ನಾಯಕ ಉದ್ದನೆಯ ಮಸೂರ ಹಾಕಿ ಎದುರು ಮನೆಗಳನ್ನು ನೋಡುತ್ತಾನಲ್ಲ, ಅವನ ಕೈಯಲ್ಲಿದ್ದುದು ಎಕ್ಸಾಕ್ಟಾ ವಂಶದ ಕ್ಯಾಮರಾವೇ.

೧೯೪೫ರ ಫೆಬ್ರವರಿ ೧೩ರ ರಾತ್ರಿ ಆ ನಗರದ ಮೇಲೆ ಬಾಂಬುಗಳ ಮಳೆ ಸುರಿಯಿತು. ಸಾವಿರಾರು ಜನ ಸುಟ್ಟುಹೋದ ಆ ಬೆಂಕಿಯಲ್ಲಿ ಇಹಾಗೆಯ ಕಾರ್ಖಾನೆಯೂ ಹಾಳಾಯಿತು. ಯುದ್ಧ ಮುಗಿದ ಮೇಲೆ ರಷ್ಯನ್ನರು ಕಾಂಟ್ಯಾಕ್ಸ್ ತಯಾರಿಸುವ ಯಂತ್ರ ಸಲಕರಣೆಗಳನ್ನು ಯುಕ್ರೇನಿನ ಕೀವ್ ನಗರಕ್ಕೆ ಸಾಗಿಸಿದರು. ಅದೇ ಕ್ಯಾಮರಾ ‘ಕೀವ್’ ಎಂಬ ಹೆಸರಿನಲ್ಲಿ ೧೯೮೦ರ ದಶಕದವರೆಗೂ ತಯಾರಾಯಿತು. ಝೈಸ್ ಇಕಾನ್ ಎರಡು ಜರ್ಮನಿಗಳಲ್ಲಿ ಎರಡಾಗಿ ಒಡೆಯಿತು. ಪಶ್ಚಿಮದ ಪಾಲು ೧೯೭೨ರಲ್ಲಿ ಕ್ಯಾಮರಾ ತಯಾರಿಕೆ ನಿಲ್ಲಿಸಿತು. ಪೂರ್ವದ ಪಾಲು ‘ಪೆಂಟಕಾನ್’ ಸಂಸ್ಥೆಯಲ್ಲಿ ಸೇರಿಹೋಗಿ, ೧೯೯೦ರಲ್ಲಿ ಜರ್ಮನಿ ಒಂದಾದಾಗ ಅದರ ಕಥೆಯೂ ಮುಗಿಯಿತು. ಇನ್ನು ಯಾರನ್ನು ಕೇಳುವುದು? ಕಾರ್ಖಾನೆಯೇ ಬೂದಿಯಾದ ಮೇಲೆ ಅದರ ಕಡತಗಳ ಗತಿಯೇನು?

ಇಲ್ಲಿಯೇ ಎರಡನೆಯ ಬಗೆಯ ಗ್ರಂಥಗಳ ಮಹತ್ತ್ವ ತಿಳಿಯುವುದು. ಕೈಪಿಡಿಗಳು ಕ್ಯಾಮರಾವನ್ನು ನಡೆಸಲು ಕಲಿಸಿದರೆ, ಇವು ಅದರ ಜಾತಕವನ್ನು ಬರೆದವು. ಬರೆದವರಲ್ಲಿ ಹೆಚ್ಚಿನವರು ವೃತ್ತಿಯ ಇತಿಹಾಸಕಾರರಲ್ಲ. ಬೇರೆ ಬೇರೆ ಉದ್ಯೋಗದಲ್ಲಿದ್ದು ಬಿಡುವಿನ ವೇಳೆಯಲ್ಲಿ ಇದಕ್ಕೆ ಅಂಟಿಕೊಂಡ ಸಂಗ್ರಾಹಕರು. ಉಳಿದಿರುವ ಒಂದೊಂದು ಕ್ಯಾಮರಾದ ಕ್ರಮಸಂಖ್ಯೆಯನ್ನೂ ಗುರುತು ಹಾಕಿಕೊಂಡು, ಹಳೆಯ ಜಾಹೀರಾತು, ಬೆಲೆಪಟ್ಟಿಗಳೊಡನೆ ತಾಳೆ ನೋಡಿ, ಯಾವ ವರ್ಷ ಯಾವ ಭಾಗ ಬದಲಾಯಿತೆಂದು ನಿಷ್ಕರ್ಷಿಸಿದರು. ಶಾಸನಗಳ ಚೂರುಗಳಿಂದ ರಾಜವಂಶವೊಂದರ ಕಾಲವನ್ನು ಕಟ್ಟುವ ವಿದ್ವಾಂಸರ ಕೆಲಸಕ್ಕೂ ಇದಕ್ಕೂ ವಿಧಾನದಲ್ಲಿ ಭೇದವಿಲ್ಲ.

ಇಂಥ ಪುಸ್ತಕಗಳ ತವರೆಂದರೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೋವ್ ಎಂಬ ಊರು. ಆ ಊರಿನ ಹೆಸರನ್ನೇ ಹೊತ್ತ ಪ್ರಕಾಶನವೊಂದು ೧೯೮೦-೯೦ರ ದಶಕಗಳಲ್ಲಿ ಸಂಗ್ರಾಹಕರ ಗ್ರಂಥಗಳನ್ನು ಒಂದರ ಹಿಂದೊಂದು ಹೊರತಂದಿತು. ಎಕ್ಸಾಕ್ಟಾದ ವಂಶಾವಳಿಯನ್ನು ಬರೆದ ಅಗಿಲಾ ಮತ್ತು ರುವಾ ಅವರ ಗ್ರಂಥ, ಯುದ್ಧಾನಂತರದ ಝೈಸಿನ ಎರಡು ಕವಲುಗಳನ್ನು ಬಿಡಿಸಿ ತೋರಿದ ಸ್ಮಾಲ್ ಮತ್ತು ಬ್ಯಾರಿಂಜರ್ ಅವರ ೧೯೯೫ರ ಗ್ರಂಥ ಇವೆರಡೂ ಅಲ್ಲಿಯವೇ. ಪೀಟರ್ ಡೆಕರ್ಟ್ ಬರೆದ ಕ್ಯಾನನ್ ಕ್ಯಾಮರಾಗಳ ಇತಿಹಾಸವೂ ೧೯೮೫ರಲ್ಲಿ ಬೆಳಕು ಕಂಡಿತು. ಕ್ಯಾನನ್ ಎಂಬ ಹೆಸರಿನ ಮೂಲವೇ ಸ್ವಾರಸ್ಯಕರವಾದುದು. ೧೯೩೪ರಲ್ಲಿ ಆ ಜಪಾನೀ ಸಂಸ್ಥೆ ತನ್ನ ಮೊದಲ ಮಾದರಿಗೆ ‘ಕ್ವಾನಾನ್’ ಎಂದು ಹೆಸರಿಟ್ಟಿತ್ತು. ಕ್ವಾನಾನ್ ಎಂದರೆ ಬೌದ್ಧರ ಕರುಣಾಮೂರ್ತಿಯಾದ ಅವಲೋಕಿತೇಶ್ವರನ ಜಪಾನೀ ರೂಪ. ‘ಅವಲೋಕಿಸುವವನು’ ಎಂಬ ಹೆಸರು ಕ್ಯಾಮರಾಕ್ಕೆ ಎಷ್ಟು ಒಪ್ಪುತ್ತದೆ!

*

ಈ ವಿದ್ಯೆಯಿಂದ ಪ್ರಯೋಜನವೇನು ಎಂದು ಹುಬ್ಬೇರಿಸುವವರಿಗೆ ಒಂದು ಲೌಕಿಕವಾದ ಉತ್ತರವಿದೆ. ಸೋವಿಯತ್ ಒಕ್ಕೂಟದಲ್ಲಿ, ಖಾರ್ಕೋವ್ ನಗರದ ಅನಾಥ ಬಾಲಕರ ಕಮ್ಯೂನಿನಲ್ಲಿ, ೧೯೩೪ರಿಂದ ‘ಫೆಡ್’ ಎಂಬ ಕ್ಯಾಮರಾ ತಯಾರಾಗುತ್ತಿತ್ತು. ಫೆಲಿಕ್ಸ್ ಎಡ್ಮಂಡೋವಿಚ್ ಡ್ಝೆರ್ಝಿನ್‌ಸ್ಕಿಯ ಹೆಸರಿನ ಮೊದಲಕ್ಷರಗಳೇ ಅದರ ಹೆಸರು; ಶಿಕ್ಷಣವೇತ್ತನೆಂದು ಪ್ರಸಿದ್ಧನಾದ ಮಕರೆಂಕೋ ಆ ಕಮ್ಯೂನನ್ನು ನಡೆಸುತ್ತಿದ್ದವನು. ಕ್ಯಾಮರಾ ಲೈಕಾದ ತದ್ರೂಪು ನಕಲು. ಅದು ತನ್ನ ಹೆಸರಿನಲ್ಲೇ ಇದ್ದಾಗ ಪ್ರಾಮಾಣಿಕವಾದ, ಅಗ್ಗದ ಕ್ಯಾಮರಾ. ಆದರೆ ಈಚಿನ ದಶಕಗಳಲ್ಲಿ ಕೆಲವರು ಫೆಡ್ ಮತ್ತು ಅದರ ಸಹೋದರ ‘ಜೋರ್ಕಿ’ಗಳ ಹೆಸರನ್ನು ಉಜ್ಜಿ ಅಳಿಸಿ, ‘ಲೈಕಾ’ ಎಂದು ಕೆತ್ತಿ, ಚಿನ್ನದ ಬಣ್ಣ ಬಳಿದು, ಯುದ್ಧಕಾಲದ ಜರ್ಮನ್ ಸೇನೆಯ ಲಾಂಛನವನ್ನೂ ಒತ್ತಿ ಮಾರತೊಡಗಿದರು. ಹಿತ್ತಾಳೆಗೆ ಚಿನ್ನದ ಬೆಲೆ ಕೊಟ್ಟು ಕೊಂಡವರು ಒಬ್ಬಿಬ್ಬರಲ್ಲ.

ಬಲ್ಲವನಿಗೆ ಇದನ್ನು ಪತ್ತೆ ಮಾಡುವುದು ಅರೆನಿಮಿಷದ ಕೆಲಸ. ಮಸೂರವನ್ನು ತಿರುಗಿಸಿ ಬಿಚ್ಚಿ, ಕ್ಯಾಮರಾದ ಬಾಯೊಳಗೆ ಮೇಲ್ಗಡೆ ನೋಡಬೇಕು. ದೂರ ಅಳೆಯುವ ಸನ್ನೆಯ ತುದಿಯಲ್ಲಿ ಪುಟ್ಟ ಉರುಳೆ ಇದ್ದರೆ ಲೈಕಾ. ಉರುಳೆಯ ಬದಲು ಬೆಣೆಯಂತಹ ಲೋಹದ ತುಂಡು ಇದ್ದರೆ ಮೇಲೆ ಏನೇ ಕೆತ್ತಿರಲಿ, ಅದರ ಹುಟ್ಟೂರು ರಷ್ಯನ್ನರ ಕಡೆಯದು. ಸೋವಿಯತ್ ಕ್ಯಾಮರಾಗಳನ್ನು ಕುರಿತ ಪ್ರಿನ್ಸೆಲ್ ಅವರ ಗ್ರಂಥ, ಜೇಮ್ಸ್ ಲೇಗರ್ ಮೂರು ಸಂಪುಟಗಳಲ್ಲಿ ಬರೆದ ಲೈಕಾದ ಸಚಿತ್ರ ಇತಿಹಾಸ, ಇಂಥವು ಕಪಾಟಿನಲ್ಲಿದ್ದವನು ಮೋಸಹೋಗುವುದು ಕಡಮೆ. ಆ ಗ್ರಂಥಗಳೂ ಈಗ ಅಚ್ಚಿನಲ್ಲಿಲ್ಲ ಎಂಬುದೇ ಸಂಕಟ. ಸುಳ್ಳು ಸುಲಭವಾಗಿ ಸಿಗುತ್ತದೆ; ಅದನ್ನು ಬಯಲಿಗೆಳೆಯುವ ನಿಜವನ್ನು ಮಾತ್ರ ಹುಡುಕಬೇಕು.

*

ಹುಡುಕುವ ದಾರಿಯಾದರೂ ಹೇಗೆ? ಅನುಭವಿಗಳ ಕ್ರಮವನ್ನು ನೋಡಿದರೆ ಅದರಲ್ಲಿ ಕೆಲವು ಸೂತ್ರಗಳು ಕಾಣುತ್ತವೆ.

ಮೊದಲನೆಯದು, ಬೇಕಾದುದೇನೆಂದು ಖಚಿತ ಮಾಡಿಕೊಳ್ಳುವುದು. ಕಾರ್ಖಾನೆಯೇ ಕೊಟ್ಟ ಸಣ್ಣ ಪುಸ್ತಿಕೆಯೆ, ಬಳಸುವ ಕಲೆ ಹೇಳುವ ಕೈಪಿಡಿಯೆ, ಇತಿಹಾಸವೆ, ರಿಪೇರಿಯ ಗ್ರಂಥವೆ? ಫಿಲ್ಮ್ ಹಾಕಲು ತಿಳಿಯಬೇಕಾದವನು ಮೂರು ಸಂಪುಟದ ಇತಿಹಾಸ ಕೊಂಡರೆ, ಹಸಿದವನಿಗೆ ಪಾಕಶಾಸ್ತ್ರದ ಚರಿತ್ರೆ ಕೊಟ್ಟಂತಾಗುತ್ತದೆ.

ಎರಡನೆಯದು, ಶೀರ್ಷಿಕೆ, ಲೇಖಕ, ಆವೃತ್ತಿ, ವರ್ಷ ಇವನ್ನು ಬರೆದಿಟ್ಟುಕೊಂಡೇ ಹೊರಡುವುದು. ಪುಸ್ತಕಗಳಿಗೆ ಅಂತರರಾಷ್ಟ್ರೀಯ ಸಂಖ್ಯೆ ಕೊಡುವ ಪದ್ಧತಿ ನೆಲೆಗೊಂಡದ್ದು ೧೯೭೦ರ ಸುಮಾರಿಗೆ. ಅದಕ್ಕೆ ಮೊದಲಿನ ಫೋಕಲ್ ಗೈಡುಗಳಿಗೆ ಆ ಸಂಖ್ಯೆಯೇ ಇಲ್ಲ. ಸಂಖ್ಯೆಯಿಂದ ಹುಡುಕುವವನಿಗೆ ಅವು ಇಲ್ಲವೆಂದೇ ತೋರುತ್ತವೆ. ಹೆಸರಿನಿಂದ ಹುಡುಕಿದವನಿಗೆ ಮಾತ್ರ ಕಾಣಿಸಿಕೊಳ್ಳುತ್ತವೆ. ಜಗತ್ತಿನ ಸಾವಿರಾರು ಗ್ರಂಥಾಲಯಗಳ ಪಟ್ಟಿಯನ್ನು ಒಟ್ಟುಗೂಡಿಸಿರುವ ‘ವರ್ಲ್ಡ್‌ಕ್ಯಾಟ್’ ಎಂಬ ಮಹಾಸೂಚಿಯಲ್ಲಿ ಒಂದೇ ಪುಸ್ತಕದ ಬೇರೆ ಬೇರೆ ಆವೃತ್ತಿಗಳನ್ನು ಬೇರೆ ಬೇರೆಯಾಗಿ ನೋಡಬಹುದು. ಪುಸ್ತಕ ಕೊಳ್ಳದಿದ್ದರೂ ಸರಿ, ಎಂಥ ಆವೃತ್ತಿಗಳು ಇದ್ದವೆಂಬುದು ಅಲ್ಲಿ ತಿಳಿಯುತ್ತದೆ.

ಮೂರನೆಯದು, ಸಂಕೇತಪದಗಳನ್ನು ಅರಿಯುವುದು. ತಂತಿಯ ಮೂಲಕ ಬೇಡಿಕೆ ಕಳಿಸುವಾಗ ಪದಕ್ಕಿಷ್ಟೆಂದು ಹಣ ತೆರಬೇಕಾಗಿದ್ದ ಕಾಲವದು. ಆದುದರಿಂದ ಲೈಟ್ಸ್ ಸಂಸ್ಥೆ ತನ್ನ ಒಂದೊಂದು ಸಾಮಾನಿಗೂ ಐದಕ್ಷರದ ಒಂದೊಂದು ಹೆಸರು ಕೊಟ್ಟಿತ್ತು. ಮೇಲೆ ಹೇಳಿದ, ಫಿಲ್ಮಿನ ನಾಲಗೆ ಕತ್ತರಿಸುವ ಅಚ್ಚಿನ ಹೆಸರು ‘ಅಬ್ಲಾನ್’. ಮಸೂರಕ್ಕೆ ಬಿಸಿಲು ತಾಕದಂತೆ ಹಾಕುವ ಮರೆಯೊಂದು ‘ಫಿಸಾನ್’. ಹತ್ತಿರದ ವಸ್ತುಗಳ ಚಿತ್ರ ತೆಗೆಯುವ ಉಪಕರಣ ‘ನೂಕಿ’. ಮಂತ್ರಾಕ್ಷರಗಳಂತಿರುವ ಈ ಪದಗಳ ಅರ್ಥ ಸಂಸ್ಥೆಯ ಹಳೆಯ ಬೆಲೆಪಟ್ಟಿಗಳಲ್ಲಿ ಅಡಗಿದೆ. ಬೆಲೆಪಟ್ಟಿಯೇ ನಿಘಂಟಾಗುವ ವಿಚಿತ್ರ ಪ್ರಸಂಗವಿದು.

ನಾಲ್ಕನೆಯದು, ಸಂಘಗಳ ಬಾಗಿಲು ತಟ್ಟುವುದು. ಅಮೆರಿಕೆಯ ಲೈಕಾ ಇತಿಹಾಸ ಸಂಘ ೧೯೬೮ರಲ್ಲಿ ಸ್ಥಾಪನೆಯಾಯಿತು. ಝೈಸ್ ಕ್ಯಾಮರಾಗಳಿಗೂ ನಿಕಾನ್ ಕ್ಯಾಮರಾಗಳಿಗೂ ಇಂಥವೇ ಸಂಘಗಳು ಹುಟ್ಟಿಕೊಂಡವು. ನಿಕಾನ್ ಸಂಘವನ್ನು ಕಟ್ಟಿದ ರಾಬರ್ಟ್ ರೊಟೊಲೊನಿಯೇ ಆ ಸಂಸ್ಥೆಯ ಆರಂಭಕಾಲದ ಕ್ಯಾಮರಾಗಳನ್ನು ಕುರಿತು ೧೯೮೧ರಲ್ಲಿ ಗ್ರಂಥ ಬರೆದವನು. ಹೊಸ ಸಂಗತಿಗಳು ಕೂಡಿಬಂದಂತೆ ಅದನ್ನು ಹಿಗ್ಗಿಸಿ ಹೊಸ ಗ್ರಂಥಗಳನ್ನೇ ರಚಿಸಿದ. ಸಂಗ್ರಾಹಕರು ಪುಸ್ತಕವನ್ನು ಮಾರಲು ಹಿಂಜರಿದರೂ, ಅದರಲ್ಲಿರುವ ಉತ್ತರವನ್ನು ಹೇಳಲು ಹಿಂಜರಿಯುವುದು ಅಪರೂಪ.

ಪುಸ್ತಕ ಸಿಕ್ಕ ಮೇಲೂ ಕೊಂಚ ಎಚ್ಚರ ಬೇಕು. ಮೇಲುಹೊದಿಕೆ ಹರಿದಿದ್ದರೆ ನಷ್ಟವಿಲ್ಲ. ಕೋಷ್ಟಕದ ಪುಟ ಹರಿದಿದ್ದರೆ ಕೊಂಡೂ ಪ್ರಯೋಜನವಿಲ್ಲ. ಇನ್ನು ಹಳೆಯ ಪುಸ್ತಕದ ಮಾತನ್ನೆಲ್ಲ ವೇದವಾಕ್ಯವೆಂದು ನಂಬುವುದೂ ತರವಲ್ಲ. ಫಿಲ್ಮಿನ ಸಂವೇದನೆಯನ್ನು ಅಳೆಯುವ ಅಮೆರಿಕದ ಮಾನವನ್ನು ೧೯೬೦ರಲ್ಲಿ ಬದಲಿಸಿದರು. ಅದರೊಂದಿಗೆ ಅನೇಕ ಫಿಲ್ಮುಗಳ ಅಂಕಿ, ಫಿಲ್ಮು ಅದೇ ಇದ್ದರೂ, ಸುಮಾರು ಇಮ್ಮಡಿಯಾಯಿತು. ೧೯೫೦ರ ಪುಸ್ತಕದ ಅಂಕಿಯನ್ನು ಇಂದಿನ ಫಿಲ್ಮಿಗೆ ಹಾಗೆಯೇ ಹೊಂದಿಸಿದರೆ ಲೆಕ್ಕ ತಪ್ಪುತ್ತದೆ. ೧೯೬೦ರ ದಶಕದ ಪುಸ್ತಕಗಳು ಹೇಳುವ ಪಾದರಸದ ಪುಟ್ಟ ಬ್ಯಾಟರಿಗಳು ವಿಷವೆಂಬ ಕಾರಣದಿಂದ ಮಾರುಕಟ್ಟೆಯಿಂದಲೇ ಮರೆಯಾಗಿವೆ. ಯಂತ್ರದ ವಿಷಯದಲ್ಲಿ ಹಳೆಯ ಪುಸ್ತಕ ಗುರು. ಫಿಲ್ಮು, ರಸಾಯನ, ಬ್ಯಾಟರಿಗಳ ವಿಷಯದಲ್ಲಿ ಅದು ಗೌರವಾರ್ಹನಾದ ನಿವೃತ್ತ ಅಧಿಕಾರಿ.

*

ಇಷ್ಟು ಬೇಡಿಕೆಯಿದ್ದರೆ ಮರುಮುದ್ರಣ ಮಾಡಬಾರದೇ? ಅಲ್ಲೊಂದು ತೊಡಕಿದೆ. ಗ್ರಂಥಸ್ವಾಮ್ಯ ಭಾರತದಲ್ಲಿ ಲೇಖಕನ ಮರಣಾನಂತರ ೬೦ ವರ್ಷ, ಇಂಗ್ಲೆಂಡಿನಲ್ಲಿ ೭೦ ವರ್ಷ ಇರುತ್ತದೆ. ಪ್ರಕಾಶನ ಸಂಸ್ಥೆ ಕೈಯಿಂದ ಕೈಗೆ ಮಾರಾಟವಾಗಿದೆ ಅಥವಾ ಮುಚ್ಚಿಹೋಗಿದೆ. ಲೇಖಕನ ವಾರ್ಸುದಾರರು ಎಲ್ಲಿದ್ದಾರೋ ತಿಳಿಯದು. ಅನುಮತಿ ಕೊಡುವವರಿಲ್ಲ, ಆದರೆ ಅನುಮತಿಯಿಲ್ಲದೆ ಅಚ್ಚು ಹಾಕುವಂತೆಯೂ ಇಲ್ಲ. ತಬ್ಬಲಿ ಕೃತಿಗಳೆಂದರೆ ಇವೇ. ಕೊಳ್ಳುವವರೋ ಕೆಲವು ನೂರು ಮಂದಿ. ಅಷ್ಟು ಜನರಿಗಾಗಿ ಈ ಗೋಜಲನ್ನು ಬಿಡಿಸುವ ಪ್ರಕಾಶಕರು ಕಡಮೆ. ಹೀಗೆ, ಉಳಿದಿರುವ ಪ್ರತಿಗಳೇ ಉಳಿದಿರುವಷ್ಟೂ ವಿದ್ಯೆ ಎಂಬ ಸ್ಥಿತಿ ಒದಗಿದೆ.

ಕ್ಯಾಮರಾ ಹಿತ್ತಾಳೆ, ಉಕ್ಕು, ಗಾಜುಗಳಿಂದಾದುದು. ನೂರು ವರ್ಷ ಬಾಳುತ್ತದೆ. ಅದನ್ನು ನಡೆಸುವ ತಿಳಿವಳಿಕೆ ಇರುವುದು ಮಾತ್ರ ಕಾಗದದ ಮೇಲೆ, ಇಲ್ಲವೆ ಮುದುಕರ ನಾಲಗೆಯ ಮೇಲೆ. ಎರಡೂ ಬೇಗ ಹೋಗುವಂಥವು. ಡ್ರೆಸ್ಡೆನ್ನಿನಲ್ಲಿ ಒಮ್ಮೆ ಸುಟ್ಟದ್ದನ್ನು ಎಷ್ಟೋ ಜನ ಎಷ್ಟೋ ವರ್ಷ ಶ್ರಮಪಟ್ಟು ಮತ್ತೆ ಹೊಂದಿಸಿದರು. ಆ ಶ್ರಮದ ಫಲವೂ ರದ್ದಿಯ ಮೂಟೆಯಲ್ಲಿ ಹೋದರೆ ಅದು ಎರಡನೆಯ ಬೆಂಕಿ. ಅದಕ್ಕೆ ಬಾಂಬು ಬೇಡ, ಅಸಡ್ಡೆ ಸಾಕು.

ಆದಕಾರಣ, ಮುಂದಿನ ಹಬ್ಬಕ್ಕೆ ಟ್ರಂಕನ್ನು ತೆರೆದಾಗ ಗೃಹಿಣಿಯರೂ ಯಜಮಾನರೂ ಒಂದು ಕ್ಷಣ ಕೈ ತಡೆಯಬೇಕು. ಕ್ಯಾಮರಾವನ್ನು ಯಾರೂ ಎಸೆಯುವುದಿಲ್ಲ. ಅದು ಬೆಲೆಯ ವಸ್ತುವೆಂದು ನೋಡಿದೊಡನೆಯೇ ತಿಳಿಯುತ್ತದೆ. ಅದರ ಬಳಿ ಹಳದಿ ತಿರುಗಿ, ಮೂಲೆ ಮಡಿದು, ಅಂಚಿನಲ್ಲಿ ತಾತನ ಪೆನ್ಸಿಲಿನ ಗುರುತುಗಳಿರುವ ತೆಳ್ಳನೆಯ ಪುಸ್ತಕವೊಂದು ಬಿದ್ದಿದ್ದರೆ, ಅದನ್ನು ಹಳೆಯ ಪೇಪರಿನವನ ತಕ್ಕಡಿಗೆ ಹಾಕಬಾರದು. ತಕ್ಕಡಿಯಲ್ಲಿ ಅದು ಐವತ್ತು ಗ್ರಾಮೂ ತೂಗದು. ಆದರೆ ಎಲ್ಲೋ ಒಂದು ಊರಿನಲ್ಲಿ, ಅಂಥದೇ ಕ್ಯಾಮರಾವನ್ನು ಮುಂದಿರಿಸಿಕೊಂಡು, ಫಿಲ್ಮ್ ಸುರುಳಿಯನ್ನು ಕೈಯಲ್ಲಿ ಹಿಡಿದು, ಯಾವನೋ ಮೊಮ್ಮಗ ಆ ಪುಸ್ತಕಕ್ಕಾಗಿಯೇ ಕಾದಿರಬಹುದು.